ಹತ್ತನೆಯದಕ್ಕೆ ಅಂಕವಿಲ್ಲ

ಅರಸೀಕೆರೆಯ ಬಿಆರ್‌ಸಿಯಲ್ಲಿ ಎರಡು ದಿನ
ಚಿತ್ರಾನ್ನ ತಿಂದು ಕಲಿತ ವಿದ್ಯೆ:
ಪ್ಲಸ್ ಒತ್ತಿದರೆ ಪ್ರಶ್ನೆ ಹುಟ್ಟುತ್ತದೆ,
ಕಸದ ಬುಟ್ಟಿ ಒತ್ತಿದರೆ ಸಾಯುತ್ತದೆ,
ಪಕ್ಕದಲ್ಲಿ ಕೆಂಪು ನಕ್ಷತ್ರವಿಟ್ಟರೆ
ಯಾರೂ ತಪ್ಪಿಸಿಕೊಳ್ಳುವಂತಿಲ್ಲ.

ಇಪ್ಪತ್ತೆರಡು ವರ್ಷ ಸೀಮೆಸುಣ್ಣ ಹಿಡಿದ ಬೆರಳು
ಲ್ಯಾಪ್‌ಟಾಪಿನ ಮೇಲೆ ಎಣ್ಣೆ ಮೆತ್ತಿದ ಹಾಗೆ ಜಾರುತ್ತದೆ.
ಎದುರು ಮನೆಯಲ್ಲಿ ಕಾಯಿ ಸುಲಿಯುವವರು
ಕೈ ತೊಳೆದು ಹೋಗಿ ಎಷ್ಟೋ ಹೊತ್ತು.

ಮೊದಲು ಹೆಸರು. ನಕ್ಷತ್ರ.
ತಂದೆಯ ಹೆಸರು. ಅದಕ್ಕೂ ನಕ್ಷತ್ರ,
ಹಾಜರಿ ಪುಸ್ತಕದ ಚಾಳಿ, ಕೈ ತಾನಾಗಿ ಇಟ್ಟಿತು.
ಇಮೇಲ್. ಒಬ್ಬರಿಗೆ ಒಂದೇ ಉತ್ತರ. ಟಿಕ್.

ನಾಲ್ಕನೇ ಪ್ರಶ್ನೆ: ಬಾಣಾವರದಿಂದ ಅರಸೀಕೆರೆಗೆ
ಹದಿನೈದು ಕಿಲೋಮೀಟರ್ ಎಂದಿಟ್ಟುಕೊಂಡರೆ,
ಗಂಟೆಗೆ ನಲವತ್ತೈದರಂತೆ ಓಡುವ ರೈಲಿಗೆ
ಎಷ್ಟು ನಿಮಿಷ ಬೇಕು?
ಹದಿನೈದು, ಇಪ್ಪತ್ತು, ಮೂವತ್ತು,
ಮತ್ತು ‘ಬೇರೆ’.
ಆ ‘ಬೇರೆ’ ನಾನಿಟ್ಟದ್ದಲ್ಲ,
ಎಲ್ಲೋ ಬೆರಳು ತಾಗಿ ಬಂದು ಕೂತಿತ್ತು.

ಬೆಳಗ್ಗೆ ಗ್ರೂಪಿಗೆ ಬಿಟ್ಟೆ.
ನಲವತ್ತೊಂದು ಮಕ್ಕಳಲ್ಲಿ ಸಂಜೆಗೆ ಏಳು ಉತ್ತರ.
ಮಾರನೇ ದಿನ ಮುಬೀನಾ ಎದ್ದು ನಿಂತು,
“ಆಗಲೇ ಉತ್ತರ ಕೊಟ್ಟಿದ್ದೀಯ ಅನ್ನುತ್ತೆ ಮಿಸ್,
ನಾನು ಮುಟ್ಟೇ ಇಲ್ಲ.”
ಕೆದಕಿದರೆ ಇಷ್ಟು ವಿಷಯ:
ಬಸ್‌ಸ್ಟ್ಯಾಂಡಿನ ಸಿರಿ ಮೊಬೈಲ್ಸ್‌ನವನು
ಫೋನ್ ಕೊಂಡವರಿಗೆಲ್ಲ ಒಂದೇ ಇಮೇಲ್ ಹಾಕಿಕೊಟ್ಟಿದ್ದಾನೆ,
ತನ್ನ ಅಂಗಡಿಯದು.
ಯಂತ್ರದ ಕಣ್ಣಿಗೆ ನನ್ನ ಕ್ಲಾಸಿನ ಹತ್ತೊಂಬತ್ತು ಮಕ್ಕಳು
ಒಬ್ಬನೇ ಹುಡುಗ.
ಹೆಸರು ಸಿರಿ. ಇನಿಶಿಯಲ್ ಇಲ್ಲ.
ನಗುತ್ತಲೇ ಆ ಟಿಕ್ ತೆಗೆದೆ.

ಆ ರಾತ್ರಿ ಒಂದೊಂದಾಗಿ ಬಿದ್ದವು.
ಒಂಬತ್ತೂ ನಲವತ್ತು, ಯಾರದೋ ಅಪ್ಪ
ಲಗೇಜ್ ಆಟೋ ನಿಲ್ಲಿಸಿ ಒಳಗೆ ಬಂದಿರಬೇಕು.
ಹತ್ತೂ ಐದು, ಅಕ್ಕನದು.
ಹತ್ತೂ ಹನ್ನೆರಡು, ಅದೇ ಫೋನಿಂದ ತಂಗಿಯದು,
ಅಕ್ಕನ ತಪ್ಪುಗಳನ್ನೂ ಬಿಡದೆ.

ತೀರ್ಥೇಶನ ನಾಲ್ಕನೇ ಉತ್ತರಕ್ಕೆ ಕೆಂಪು ಗೆರೆ.
‘ಬೇರೆ’ಯಲ್ಲಿ ಬರೆದಿದ್ದಾನೆ:
“ಗೂಡ್ಸಿಗೆ ದಾರಿ ಬಿಟ್ರೆ ಹೇಳಕ್ಕಾಗಲ್ಲ ಮಿಸ್.
ನಮ್ಮವ್ವ ದಿನಾ ಸೀಬೆಹಣ್ಣು ಮಾರಕ್ಕೆ ಅದ್ರಲ್ಲೇ ಹೋಯ್ತದೆ.
ನೆನ್ನೆ ಐವತ್ತು ನಿಮಿಷ.”
ಅರ್ಧ ಅಂಕ ಕೊಡೋಣವೆಂದರೆ
ಅರ್ಧ ಎಂಬುದು ಆ ಡಬ್ಬಿಗೆ ತಿಳಿಯದು.
ಪೂರ್ತಿ ಕೊಟ್ಟೆ.
ಲೆಕ್ಕದ ಮೇಷ್ಟ್ರಾಗಿದ್ದ ನಮ್ಮಪ್ಪ ಇದ್ದಿದ್ದರೆ
ಎರಡು ದಿನ ಮಾತು ಬಿಡುತ್ತಿದ್ದರು.

ತಂದೆಯ ಹೆಸರಿನ ಕಾಲಂ ಉದ್ದಕ್ಕೂ ಇಳಿದೆ.
ರಂಗಸ್ವಾಮಿ, ಅಬ್ದುಲ್ ವಾಜಿದ್, ಓಂಕಾರಪ್ಪ,
ಆಮೇಲೆ ದಾಕ್ಷಾಯಿಣಿಯ ಸಾಲಿನಲ್ಲಿ
ಒಂದು ಚುಕ್ಕಿ.
ಬರೀ ಚುಕ್ಕಿ.
ಬಿಟ್ಟರೆ ಮುಂದಕ್ಕೆ ಬಿಡುವುದಿಲ್ಲವಲ್ಲ,
ನಾನು ನಕ್ಷತ್ರ ಇಟ್ಟಿದ್ದೆ, ಅವಳು ಚುಕ್ಕಿ ಇಟ್ಟಿದ್ದಾಳೆ.
ಯಂತ್ರ ತಕರಾರಿಲ್ಲದೆ ಬಾಗಿಲು ತೆಗೆದಿದೆ.
ಎರಡು ವರ್ಷದಿಂದ ಅವಳ ಹೆಸರು ಕೂಗುತ್ತಿದ್ದೇನೆ,
ಹಾಜರ್ ಅನ್ನುತ್ತಾಳೆ, ಮುಂದಿನ ಹೆಸರು ಕೂಗುತ್ತೇನೆ.
ಆ ಸಾಲನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದೆ.
ಇಷ್ಟು ತಡವಾಗಿ ಹಾಕಿದ್ದು ಯಾರಿಗೆ ಗೊತ್ತಾಗಬೇಕು.

ಕೊನೆಯದು ಹತ್ತನೇ ಪ್ರಶ್ನೆ.
ಅಂಕವಿಲ್ಲ, ನಕ್ಷತ್ರವಿಲ್ಲ,
ತರಬೇತಿಯಲ್ಲಿ ಇಡಿ ಅಂದಿದ್ದರು, ಇಟ್ಟಿದ್ದೆ:
ಇನ್ನೇನಾದರೂ ಹೇಳುವುದಿದೆಯೆ?
ಹೆಚ್ಚಿನವು ಖಾಲಿ.
ಒಬ್ಬ “ಇಲ್ಲ” ಎಂದು ಹೇಳಿದ್ದಾನೆ.
ಇನ್ನೊಬ್ಬ, “ನಾಳೆಯಿಂದ ಪೆನ್ನು ಬ್ಯಾಡ್ವಾ?”
ಹನ್ನೊಂದೂ ಐವತ್ತೆರಡಕ್ಕೆ, ಎಲ್ಲರಿಗಿಂತ ಕೊನೆಗೆ,
ದಾಕ್ಷಾಯಿಣಿ:
“ಮಿಸ್ ಊಟ ಆಯ್ತಾ”

ಆಗಿರಲಿಲ್ಲ.
ಹೇಳೋಣವೆಂದರೆ ಆ ಹಾಳೆಯಲ್ಲಿ
ಕೇಳಿದವರು ಉತ್ತರ ಬರೆಯುವ ಜಾಗವಿಲ್ಲ.
ನಾಳೆ ಎರಡನೇ ಪೀರಿಯಡ್ಡು ನನ್ನದೇ.